ಪಾಠಕ್ಕೆ ಮುಂಚೆ ಓದಿದ ಹೇಳಿಕೆ



2005ರ ಜನವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಎಂಬ ಊರಿನ ಹೈಸ್ಕೂಲಿನಲ್ಲಿ, ಒಂಬತ್ತನೆಯ ತರಗತಿಯ ಜೀವಶಾಸ್ತ್ರದ ಪಾಠಕ್ಕೆ ಮುಂಚೆ, ಮಕ್ಕಳಿಗೆ ಒಂದು ಹೇಳಿಕೆಯನ್ನು ಓದಿ ಹೇಳಲಾಯಿತು. ನಾಲ್ಕೇ ಪ್ಯಾರಾ. ಅದರ ಸಾರ ಇಷ್ಟು: ರಾಜ್ಯದ ಪಠ್ಯಕ್ರಮದಂತೆ ನೀವು ಡಾರ್ವಿನ್‌ನ ಸಿದ್ಧಾಂತವನ್ನು ಕಲಿಯಬೇಕಾಗಿದೆ, ಪರೀಕ್ಷೆಯನ್ನೂ ಬರೆಯಬೇಕಾಗಿದೆ. ಆದರೆ ಅದು ಸಿದ್ಧಾಂತ, ವಾಸ್ತವವಲ್ಲ. ಅದರಲ್ಲಿ ಪುರಾವೆ ಸಿಗದ ಜಾಗಗಳಿವೆ. ಜೀವದ ಮೂಲದ ಬಗ್ಗೆ ಡಾರ್ವಿನ್ ಹೇಳಿದ್ದಕ್ಕಿಂತ ಬೇರೆಯಾದ, ಇಂಟೆಲಿಜೆಂಟ್ ಡಿಸೈನ್ (ಬುದ್ಧಿಪೂರ್ವಕ ವಿನ್ಯಾಸ) ಎಂಬ ವಿವರಣೆಯೊಂದಿದೆ. ಆಸಕ್ತರು ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಎಂಬ ಪುಸ್ತಕವನ್ನು ನೋಡಬಹುದು. ಯಾವ ಸಿದ್ಧಾಂತದ ವಿಷಯದಲ್ಲೇ ಆಗಲಿ ಮನಸ್ಸನ್ನು ತೆರೆದಿಟ್ಟುಕೊಳ್ಳಿ. ಇಷ್ಟು ಓದಿ ಮುಗಿಸಿದ ಮೇಲೆ ಮಕ್ಕಳು ಪ್ರಶ್ನೆ ಕೇಳುವಂತಿರಲಿಲ್ಲ. ಓದಿದವರು ಜೀವಶಾಸ್ತ್ರದ ಅಧ್ಯಾಪಕರೂ ಆಗಿರಲಿಲ್ಲ. ಅಧ್ಯಾಪಕರು ಓದಲು ಒಪ್ಪದಿದ್ದುದರಿಂದ ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಓದಿ ಹೋದರು.

ಬಿಡಿಬಿಡಿಯಾಗಿ ನೋಡಿದರೆ ಈ ಹೇಳಿಕೆಯ ಒಂದು ಸಾಲೂ ಅತಿರೇಕದ್ದಲ್ಲ. ಮನಸ್ಸು ತೆರೆದಿರಲಿ ಎಂಬುದನ್ನು ಯಾರು ತಾನೆ ಬೇಡವೆಂದಾರು? ಆದರೂ 11 ಮಂದಿ ಪೋಷಕರು ಇದರ ವಿರುದ್ಧ ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆರು ವಾರ ವಿಚಾರಣೆ ನಡೆದು, 139 ಪುಟಗಳ ತೀರ್ಪು ಬಂತು. ಒಂದೆರಡು ನಿಮಿಷದ ಹೇಳಿಕೆಗೆ ಇಷ್ಟು ದೊಡ್ಡ ವ್ಯಾಜ್ಯವೇಕೆ ಎಂಬುದನ್ನು ತಮ್ಮೊಡನೆ ವಿಚಾರ ಮಾಡುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಈ ಬುದ್ಧಿಪೂರ್ವಕ ವಿನ್ಯಾಸದ ವಾದದ ಪೂರ್ವಜರನ್ನು ಗೌರವದಿಂದಲೇ ನೆನೆಯೋಣ. ಬಯಲಿನಲ್ಲಿ ನಡೆದುಹೋಗುವಾಗ ಒಂದು ಗಡಿಯಾರ ಸಿಕ್ಕಿದರೆ ಅದನ್ನು ಮಾಡಿದವನೊಬ್ಬ ಇದ್ದಾನೆಂದು ತಿಳಿಯುತ್ತೇವೆ. ಕಣ್ಣು, ರೆಕ್ಕೆ, ಕೀಲುಗಳ ವಿಷಯದಲ್ಲೂ ಹಾಗೆಯೇ ಏಕೆ ತಿಳಿಯಬಾರದು ಎಂದು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಕೇಳಿದ. ಎಳೆಯ ಡಾರ್ವಿನ್ ಅವನನ್ನು ಮೆಚ್ಚಿ ಓದಿದ್ದ. ನಮ್ಮಲ್ಲಿ ಈ ಪ್ರಶ್ನೆ ಇನ್ನೂ ಹಳೆಯದು. ಮಡಕೆಗೆ ಕುಂಬಾರನಿರುವಂತೆ ಭೂಮಿ ಮೊದಲಾದ ಕಾರ್ಯಗಳಿಗೂ ಕರ್ತನೊಬ್ಬ ಇರಲೇಬೇಕೆಂದು ನೈಯಾಯಿಕರು ಅನುಮಾನ ಕಟ್ಟಿದರು. ಉದಯನಾಚಾರ್ಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಅದು ಪೂರ್ಣರೂಪ ಪಡೆಯಿತು. ಅದನ್ನು ಮೀಮಾಂಸಕರು ಒಪ್ಪಲಿಲ್ಲ, ಬೌದ್ಧರು ಒಪ್ಪಲಿಲ್ಲ, ಜೈನರಂತೂ ಒಪ್ಪಲೇ ಇಲ್ಲ. ರಾಷ್ಟ್ರಕೂಟರ ಅಮೋಘವರ್ಷ ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ತಮ್ಮ ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಒಂದೊಂದೇ ಪ್ರಶ್ನೆ ಹಾಕಿ ಬಿಚ್ಚುತ್ತಾರೆ. ಸೃಷ್ಟಿಗೆ ಮುನ್ನ ಅವನು ಎಲ್ಲಿದ್ದ? ಶರೀರವಿಲ್ಲದವನು ಶರೀರವುಳ್ಳ ಲೋಕವನ್ನು ಹೇಗೆ ಮಾಡಿದ? ಸಾಮಗ್ರಿ ಎಲ್ಲಿಂದ ಬಂತು? ಪಂಪನ ಕನ್ನಡ ಆದಿಪುರಾಣಕ್ಕೆ ಆಕರವಾದದ್ದು ಈ ಗ್ರಂಥವೇ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕುಂಬಾರನನ್ನು ಮುಂದಿಟ್ಟ ಮೇಲೆ ಅವನ ಕೈ, ಗಾಲಿ, ಮಣ್ಣುಗಳ ಲೆಕ್ಕವನ್ನೂ ಕೊಡಬೇಕೆಂದು ನಮ್ಮ ತಾರ್ಕಿಕರ ಎರಡೂ ಪಕ್ಷಗಳು ಒಪ್ಪಿದ್ದವು. ಉದಯನ ಆ ಲೆಕ್ಕ ಕೊಡಲು ಹೆಣಗಿದ. ಅದೇ ಅವನ ದೊಡ್ಡತನ. ಡೋವರಿನ ಹೇಳಿಕೆಯ ಹಿಂದಿದ್ದ ಬುದ್ಧಿಪೂರ್ವಕ ವಿನ್ಯಾಸದ ವಾದ ಮಾತ್ರ ಈ ಮುಂದಿನ ಪ್ರಶ್ನೆಗಳನ್ನು ಹೊಸ್ತಿಲಲ್ಲೇ ತಡೆಯುತ್ತದೆ. ವಿನ್ಯಾಸಕಾರ ಯಾರು? ಅದು ನಮ್ಮ ವಿಷಯವಲ್ಲ. ಯಾವಾಗ ಮಾಡಿದ, ಹೇಗೆ ಮಾಡಿದ? ಅದೂ ಅಲ್ಲ. ಮಾಡಿದ್ದಾನೆ ಎಂಬುದಷ್ಟೇ ನಮ್ಮ ವಿಜ್ಞಾನ.

ಈ ಮೌನಕ್ಕೊಂದು ಚರಿತ್ರೆಯಿದೆ, ಅದು ಅಮೆರಿಕದ ಕಾನೂನಿನ ಚರಿತ್ರೆ. 1925ರಲ್ಲಿ ಟೆನ್ನೆಸೀ ರಾಜ್ಯ ಮಾನವ ವಿಕಾಸವನ್ನು ಸರ್ಕಾರಿ ಶಾಲೆಗಳಲ್ಲಿ ಕಲಿಸಕೂಡದೆಂದು ಶಾಸನ ಮಾಡಿತು. ಜಾನ್ ಸ್ಕೋಪ್ಸ್ ಎಂಬ ಅಧ್ಯಾಪಕನಿಗೆ ಡೇಟನ್ ಊರಿನ ನ್ಯಾಯಾಲಯದಲ್ಲಿ 100 ಡಾಲರ್ ದಂಡ ಬಿತ್ತು. ತೀರ್ಪು ಮುಂದೆ ತಾಂತ್ರಿಕ ಕಾರಣಕ್ಕೆ ರದ್ದಾಯಿತು, ಶಾಸನ ಮಾತ್ರ 1967ರವರೆಗೂ ಉಳಿಯಿತು. ಇಂಥ ನಿಷೇಧವೇ ಸಂವಿಧಾನಬಾಹಿರವೆಂದು 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರ ಯಾವ ಮತವನ್ನೂ ಪ್ರತಿಷ್ಠಾಪಿಸಬಾರದೆಂಬ ಮೊದಲ ತಿದ್ದುಪಡಿ ಅದಕ್ಕೆ ಆಧಾರ. ನಿಷೇಧ ನಡೆಯದೆಂದು ಗೊತ್ತಾದ ಮೇಲೆ ವರಸೆ ಬದಲಾಯಿತು. ಕಲಿಸಿ, ಆದರೆ ‘ಸೃಷ್ಟಿವಿಜ್ಞಾನ’ಕ್ಕೂ ಸಮಪಾಲು ಕೊಡಿ ಎಂದು ಅರ್ಕಾನ್ಸಾ, ಲೂಯಿಸಿಯಾನ ರಾಜ್ಯಗಳು 1981ರಲ್ಲಿ ಕಾಯಿದೆ ತಂದವು. ಮೊದಲನೆಯದು 1982ರಲ್ಲಿ ಬಿತ್ತು. ಎರಡನೆಯದನ್ನು 1987ರಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ತಳ್ಳಿಹಾಕಿತು. ಸೃಷ್ಟಿಯ ಹೆಸರು ಹಿಡಿದರೆ ಶಾಲೆಯ ಬಾಗಿಲು ತೆರೆಯುವುದಿಲ್ಲವೆಂದು ಅಲ್ಲಿಗೆ ಖಚಿತವಾಯಿತು.

ಡೋವರಿನ ಮಕ್ಕಳಿಗೆ ಸೂಚಿಸಿದ ಪುಸ್ತಕ ಅಚ್ಚಾದದ್ದು 1989ರಲ್ಲಿ. ವಿಚಾರಣೆಯ ಸಂದರ್ಭದಲ್ಲಿ ಅದರ ಹಳೆಯ ಕರಡುಗಳು ಹೊರಬಂದವು. ತತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಅವುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರು. 1987ರ ತೀರ್ಪಿಗೆ ಮುಂಚಿನ ಕರಡಿನಲ್ಲಿ ಸೃಷ್ಟಿ ಎಂದಿದ್ದ ಕಡೆಯಲ್ಲೆಲ್ಲ ತೀರ್ಪಿನ ನಂತರದ ಕರಡಿನಲ್ಲಿ ಬುದ್ಧಿಪೂರ್ವಕ ವಿನ್ಯಾಸ ಎಂದಾಗಿದೆ, ಸುಮಾರು 150 ಕಡೆ. ವ್ಯಾಖ್ಯೆ ಬದಲಾಗಿಲ್ಲ, ವಾಕ್ಯ ಬದಲಾಗಿಲ್ಲ, ಪದವೊಂದೇ ಬದಲಾಗಿದೆ. ಒಂದೆಡೆ ಆ ಬದಲಾವಣೆಯೂ ಪೂರ್ತಿಯಾಗಿಲ್ಲ. ‘ಕ್ರಿಯೇಷನಿಸ್ಟ್ಸ್’ ಎಂಬ ಪದದ ನಡುವೆ ‘ಡಿಸೈನ್ ಪ್ರೊಪೊನೆಂಟ್ಸ್’ ಎಂಬುದನ್ನು ತುರುಕುವಾಗ ಹಳೆಯ ಪದದ ತಲೆಯೂ ಬಾಲವೂ ಉಳಿದುಬಿಟ್ಟು, ‘ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್’ ಎಂಬ ಯಾವ ನಿಘಂಟಿನಲ್ಲೂ ಇಲ್ಲದ ಪದ ಹುಟ್ಟಿತು.

ನಮ್ಮ ಗ್ರಂಥಸಂಪಾದಕರಿಗೆ ಇದು ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ಯರು ಕನ್ನಡದಲ್ಲಿ ವ್ಯವಸ್ಥಿತವಾಗಿ ನೆಲೆಗೊಳಿಸಿದ ಗ್ರಂಥಸಂಪಾದನಾ ಶಾಸ್ತ್ರವನ್ನು ಓದಿದವರಿಗೆ ಲಿಪಿಕಾರನ ತಪ್ಪಿನ ಬೆಲೆ ಗೊತ್ತಿದೆ. ಸರಿಯಾದ ಪಾಠ ಎರಡು ಓಲೆಪ್ರತಿಗಳಲ್ಲಿ ಒಂದೇ ಆಗಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಅಪರೂಪದ ತಪ್ಪೊಂದು ಎರಡರಲ್ಲೂ ಅದೇ ಜಾಗದಲ್ಲಿ ಅದೇ ರೀತಿ ಬಂದಿದ್ದರೆ ಮಾತ್ರ, ಇವೆರಡೂ ಒಂದೇ ಮಾತೃಕೆಯ ಮಕ್ಕಳು ಎನ್ನಲು ಸಂಪಾದಕ ಅನುಮಾನಿಸುವುದಿಲ್ಲ. ಪ್ರತಿಗಳ ವಂಶವೃಕ್ಷವನ್ನು ಬರೆಯುವುದೇ ಹೀಗೆ. ಡೋವರ್ ಮೊಕದ್ದಮೆಯಲ್ಲಿ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದ ಭಾಗ ಇದು. ಏಕೆಂದರೆ ಪುಸ್ತಕದ ಕುಲವನ್ನು ಹಿಡಿದುಕೊಟ್ಟ ತರ್ಕವೂ ಜೀವವಿಕಾಸದ ಅತ್ಯಂತ ಬಲವಾದ ಪುರಾವೆಯ ತರ್ಕವೂ ಒಂದೇ.

ನಾಯಿ, ಹಸು, ಆಡುಗಳು ತಮಗೆ ಬೇಕಾದ ಸಿ ಜೀವಸತ್ವವನ್ನು ತಾವೇ ದೇಹದೊಳಗೆ ತಯಾರಿಸಿಕೊಳ್ಳುತ್ತವೆ. ನಾವು ನೆಲ್ಲಿಕಾಯಿಯನ್ನೋ ನಿಂಬೆಯನ್ನೋ ತಿನ್ನಬೇಕು. ಅದನ್ನು ತಯಾರಿಸುವ ವಂಶವಾಹಿ ನಮ್ಮಲ್ಲಿ ಇಲ್ಲದೆ ಇಲ್ಲ, ಇದೆ, ಕೆಟ್ಟು ಬಿದ್ದಿದೆ. ಚಿಂಪಾಂಜಿ, ಗೊರಿಲ್ಲಾ, ಮಂಗಗಳಲ್ಲೂ ಅದೇ ವಂಶವಾಹಿ ಕೆಟ್ಟಿದೆ, ಕೆಟ್ಟ ಗುರುತುಗಳು ಹಲವು ಕಡೆ ಒಂದೇ. ಗಿನಿಯಿಲಿಯಲ್ಲೂ ಅದು ಕೆಟ್ಟಿದೆ, ಆದರೆ ಬೇರೆ ರೀತಿಯಲ್ಲಿ, ಅಂದರೆ ಬೇರೊಬ್ಬ ಲಿಪಿಕಾರನ ಬೇರೊಂದು ತಪ್ಪು. ನ್ಯಾಯಾಲಯದಲ್ಲಿ ಬ್ರೌನ್ ವಿಶ್ವವಿದ್ಯಾನಿಲಯದ ಜೀವಶಾಸ್ತ್ರಜ್ಞ ಕೆನ್ನೆತ್ ಮಿಲ್ಲರ್ ಇದೇ ಜಾತಿಯ ಇನ್ನೊಂದು ಉದಾಹರಣೆಯನ್ನು ಬಿಡಿಸಿಟ್ಟರು. ಮನುಷ್ಯರಿಗೆ 46 ವರ್ಣತಂತುಗಳು, ದೊಡ್ಡ ವಾನರಗಳಿಗೆ 48. ಮೂಲ ಒಂದೇ ಆಗಿದ್ದರೆ ಕಳೆದ ಎರಡು ಎಲ್ಲಿ ಹೋದವು? ವಾನರಗಳಲ್ಲಿ ಬೇರೆಬೇರೆಯಾಗಿರುವ ಎರಡು ಜೋಡಿಗಳು ನಮ್ಮಲ್ಲಿ ಬೆಸೆದುಕೊಂಡು ಒಂದು ಜೋಡಿಯಾಗಿರಬೇಕು. ಹಾಗಿದ್ದರೆ ತುದಿಯಲ್ಲಿ ಮಾತ್ರ ಇರಬೇಕಾದ ಗುರುತು ನಮ್ಮ ಯಾವುದೋ ಒಂದು ವರ್ಣತಂತುವಿನ ನಡುವೆ ಸಿಗಬೇಕು. ನಮ್ಮ ಎರಡನೆಯ ವರ್ಣತಂತುವಿನಲ್ಲಿ ಅದು ಸಿಕ್ಕಿದೆ, ಕೆಲಸ ನಿಲ್ಲಿಸಿದ ಇನ್ನೊಂದು ನಡುಗಂಟಿನ ಶೇಷದ ಸಮೇತ. ಸಿಗದೆ ಹೋಗಿದ್ದರೆ ವಿಕಾಸದ ಸಿದ್ಧಾಂತ ನಿಜಕ್ಕೂ ಕಷ್ಟಕ್ಕೆ ಸಿಲುಕುತ್ತಿತ್ತು. ಸೋಲುವ ಅಪಾಯವನ್ನು ಮೈಮೇಲೆ ಹಾಕಿಕೊಂಡು ಮುಂದೆ ಹೋಗುವ ಈ ಗುಣವನ್ನು ದಯವಿಟ್ಟು ನೆನಪಿನಲ್ಲಿಡಿ. ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕ್ ಎಂಬುದನ್ನೂ ಹೇಳಿಬಿಡುತ್ತೇನೆ. ಇದನ್ನು ಆಸ್ತಿಕ-ನಾಸ್ತಿಕರ ಜಗಳವೆಂದು ತಿಳಿದವರಿಗೆ ಉಪಯೋಗವಾದೀತು.

ಎದುರು ಪಕ್ಷದ ಮುಖ್ಯ ಸಾಕ್ಷಿ ಲೀಹೈ ವಿಶ್ವವಿದ್ಯಾನಿಲಯದ ಜೀವರಸಾಯನಶಾಸ್ತ್ರಜ್ಞ ಮೈಕೆಲ್ ಬೀಹಿ. ಇವರು ಹಗುರಾದ ವ್ಯಕ್ತಿಯಲ್ಲ. ಭೂಮಿಯ ವಯಸ್ಸನ್ನು ಒಪ್ಪುತ್ತಾರೆ, ಜೀವಿಗಳ ಸಮಾನ ಮೂಲವನ್ನೂ ಒಪ್ಪುತ್ತಾರೆ. 1996ರ ತಮ್ಮ ಪುಸ್ತಕದಲ್ಲಿ ಅವರು ಇಲಿಬೋನಿನ ಉಪಮೆ ಕೊಟ್ಟಿದ್ದರು. ಸ್ಪ್ರಿಂಗು, ಹಲಗೆ, ಕೊಕ್ಕೆ, ಯಾವುದೊಂದನ್ನು ತೆಗೆದರೂ ಬೋನು ಇಲಿ ಹಿಡಿಯುವುದಿಲ್ಲ; ಅಂಥ ಯಂತ್ರ ಸ್ವಲ್ಪಸ್ವಲ್ಪವಾಗಿ ಬೆಳೆದು ಬರಲಾರದು. ಕೆಲವು ಬ್ಯಾಕ್ಟೀರಿಯಾಗಳನ್ನು ಈಜಿಸುವ ಕಶಾಂಗ ಇಂಥದೊಂದು ಯಂತ್ರ ಎಂಬುದು ಅವರ ವಾದ. ಉತ್ತರವಾಗಿ ಬಂದದ್ದು ಪ್ಲೇಗಿನ ಬ್ಯಾಕ್ಟೀರಿಯಾ. ಕಶಾಂಗದ ಹಲವು ಭಾಗಗಳನ್ನೇ ಹೋಲುವ ಒಂದು ಸಾಧನ ಅದರಲ್ಲಿದೆ. ಅದು ಈಜಿಸುವುದಿಲ್ಲ, ವಿಷದ ಪ್ರೋಟೀನನ್ನು ನಮ್ಮ ಜೀವಕೋಶಕ್ಕೆ ಚುಚ್ಚುತ್ತದೆ. ಹಲವು ಭಾಗ ಕಡಿಮೆಯಾದರೂ ಯಂತ್ರ ಬೇರೊಂದು ಕೆಲಸಕ್ಕೆ ಬರಬಹುದೆಂದ ಮೇಲೆ ವಾದದ ಬೆನ್ನೆಲುಬು ಸಡಿಲವಾಯಿತು. ರೋಗನಿರೋಧಕ ವ್ಯವಸ್ಥೆಯ ವಿಕಾಸದ ಬಗ್ಗೆ ವಿಜ್ಞಾನದ ಬಳಿ ಉತ್ತರವಿಲ್ಲ ಎಂದಿದ್ದ ಬೀಹಿಯವರ ಮುಂದೆ ವಕೀಲರು ಆ ವಿಷಯದ 58 ಲೇಖನಗಳನ್ನೂ ಹಲವು ಗ್ರಂಥಗಳನ್ನೂ ಪೇರಿಸಿಟ್ಟರು. ಇವು ಸಾಲವು ಎಂಬುದು ಅವರ ಉತ್ತರವಾಗಿತ್ತು.

ಇನ್ನೊಂದು ಸವಾಲಿಗೆ, ತಮ್ಮ ವಿಶಾಲವಾದ ವ್ಯಾಖ್ಯೆಯಂತೆ ನೋಡಿದರೆ ಜ್ಯೋತಿಷವೂ ವೈಜ್ಞಾನಿಕ ಸಿದ್ಧಾಂತದ ಸಾಲಿಗೆ ಸೇರುತ್ತದೆಂದು ಅವರು ಒಪ್ಪಿಕೊಂಡರು. ಆ ದೇಶದ ಪತ್ರಿಕೆಗಳು ಅದನ್ನು ದೊಡ್ಡ ಮುಖಭಂಗವೆಂದು ಬರೆದವು. ನಾವು ನಗುವ ಮೊದಲು ಸ್ವಲ್ಪ ತಡೆಯುವುದು ಲೇಸು. 2001ರಲ್ಲಿ ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೇ ಜ್ಯೋತಿರ್ವಿಜ್ಞಾನದ ಕೋರ್ಸುಗಳಿಗೆ ಹಸಿರು ನಿಶಾನೆ ತೋರಿತ್ತು. ವಿಜ್ಞಾನಿ ಪಿ.ಎಂ. ಭಾರ್ಗವ ಮತ್ತಿತರರು ಅದನ್ನು ಪ್ರಶ್ನಿಸಿದಾಗ, ಇದು ತಜ್ಞ ಸಂಸ್ಥೆ ತೀರ್ಮಾನಿಸಬೇಕಾದ ವಿಷಯವೆಂದು ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಕೈಹಾಕದೆ ಬಿಟ್ಟಿತು.

ಡೋವರ್ ಮೊಕದ್ದಮೆಯ ನ್ಯಾಯಾಧೀಶ ಜಾನ್ ಜೋನ್ಸ್ ಹಾಗೆ ಬಿಡಲಿಲ್ಲ. ಅವರನ್ನು ನೇಮಿಸಿದವರು ಅಧ್ಯಕ್ಷ ಜಾರ್ಜ್ ಬುಷ್. ಎರಡೂ ವಾದಗಳನ್ನು ಕಲಿಸಬೇಕೆಂಬ ಅರ್ಥದ ಮಾತನ್ನು 2005ರ ಆಗಸ್ಟಿನಲ್ಲಿ ಆಡಿದ್ದವರೂ ಬುಷ್ ಅವರೇ. ಡಿಸೆಂಬರ್ 20ರ ತೀರ್ಪಿನಲ್ಲಿ ಜೋನ್ಸ್ ಎರಡು ಮಾತು ಹೇಳಿದರು. ಹೇಳಿಕೆಯನ್ನು ಓದಿಸಿದ ಶಾಲಾ ಮಂಡಳಿಯ ಉದ್ದೇಶ ಮತೀಯವಾದದ್ದು, ಆದ್ದರಿಂದ ಸಂವಿಧಾನಬಾಹಿರ. ಬುದ್ಧಿಪೂರ್ವಕ ವಿನ್ಯಾಸ ವಿಜ್ಞಾನವೇ ಅಲ್ಲ. ಮೊದಲ ಮಾತಿಗೆ ಪುರಾವೆ ಧಾರಾಳವಾಗಿತ್ತು. ಶಾಲೆಗೆ ‘ಅನಾಮಧೇಯ’ ಕೊಡುಗೆಯಾಗಿ ಬಂದ ‘ಪಾಂಡಾಸ್’ ಪುಸ್ತಕದ ಪ್ರತಿಗಳಿಗೆ ಮಂಡಳಿಯ ಸದಸ್ಯರೊಬ್ಬರೇ ತಮ್ಮ ಚರ್ಚಿನಲ್ಲಿ ಹಣ ಎತ್ತಿದ್ದರು, ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ ಅದನ್ನು ಮುಚ್ಚಿಟ್ಟಿದ್ದರು. ಎರಡನೆಯ ಮಾತಿನ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ವಿಜ್ಞಾನ ಯಾವುದು, ಯಾವುದಲ್ಲ ಎಂಬ ಗಡಿಯನ್ನು ನ್ಯಾಯಾಲಯ ಎಳೆಯುವುದು ಅಪಾಯವೆಂದು 1982ರ ತೀರ್ಪಿನ ಕಾಲದಲ್ಲೇ ತತ್ವಶಾಸ್ತ್ರಜ್ಞ ಲ್ಯಾರಿ ಲಾಡನ್ ಎಚ್ಚರಿಸಿದ್ದರು. ಸೃಷ್ಟಿವಾದಿಗಳ ಹೇಳಿಕೆಗಳನ್ನು ಪರೀಕ್ಷಿಸಲು ಬರುವುದಿಲ್ಲ ಎನ್ನಬೇಡಿ, ಪರೀಕ್ಷಿಸಿದ್ದೇವೆ, ಸೋತಿವೆ ಎನ್ನಿ ಎಂಬುದು ಅವರ ನಿಲುವು. ಬೀಹಿಯವರ ಕಶಾಂಗಕ್ಕೂ ಈ ಮಾತು ಒಪ್ಪುತ್ತದೆ. ವಿನ್ಯಾಸಕಾರನನ್ನು ಪರೀಕ್ಷಿಸಲಾಗದು, ಇಲಿಬೋನನ್ನು ಪರೀಕ್ಷಿಸಬಹುದಿತ್ತು, ಪರೀಕ್ಷಿಸಿಯೂ ಆಯಿತು. ಈ ತಕರಾರಿಗೆ ವ್ಯಾವಹಾರಿಕ ಕಾರಣವೂ ಇದೆ. ಮೊದಲ ತಿದ್ದುಪಡಿಯ ಪ್ರಕರಣಗಳಲ್ಲಿ ದಶಕಗಳ ಕಾಲ ಬಳಸಿದ, ಜೋನ್ಸ್ ಅವರೂ ಆಧರಿಸಿದ ಒರೆಗಲ್ಲನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ಕೈಬಿಟ್ಟಿತು. ಕಾನೂನಿನ ನೆಲ ಕದಲುತ್ತದೆ. ಅದರ ಮೇಲೆ ಮಾತ್ರ ನಿಂತ ವಿಜ್ಞಾನಶಿಕ್ಷಣಕ್ಕೆ ಭದ್ರತೆಯಿಲ್ಲ.

ಹಾಗಾದರೆ ಅದು ಯಾವುದರ ಮೇಲೆ ನಿಲ್ಲಬೇಕು? ಇಲ್ಲಿ ‘ಎರಡೂ ಪಕ್ಷ ಹೇಳಿ, ಮಕ್ಕಳೇ ತೀರ್ಮಾನಿಸಲಿ’ ಎಂಬ ಮಾತನ್ನು ಎದುರಿಸಲೇಬೇಕು. ಬಾಯಿಪಾಠದ ಶಾಲೆಗಳಿಂದ ಬೇಸತ್ತ ನಮ್ಮಂಥವರಿಗೆ ಇದು ಹಿತವಾಗಿ ಕೇಳಿಸುತ್ತದೆ. ನ್ಯಾಯವಾಗಿ ನಡೆದುಕೊಳ್ಳಬೇಕೆಂಬ ಹಂಬಲ ಅದರಲ್ಲಿದೆ, ಅದನ್ನು ಹೀಗಳೆಯಲಾರೆ. ಆದರೆ ತರಗತಿಯ ಕೊಠಡಿ ವಿಚಾರಗಳು ಹೋರಾಡಿ ಗೆಲ್ಲುವ ಅಖಾಡವಲ್ಲ. ಒಂದು ವಿಚಾರ ಪ್ರಯೋಗಾಲಯದಲ್ಲಿ, ಅಗೆತದ ಜಾಗದಲ್ಲಿ, ಸಹತಜ್ಞರ ಕಠಿಣ ಓದಿನಲ್ಲಿ ಹತ್ತಾರು ವರ್ಷ ಸವೆದು ಕೊನೆಗೆ ಪಠ್ಯಪುಸ್ತಕಕ್ಕೆ ಬರುತ್ತದೆ. ಖಂಡಗಳ ಚಲನೆಯ ಸಿದ್ಧಾಂತವನ್ನು ಆಲ್ಫ್ರೆಡ್ ವೆಗನರ್ ಮಂಡಿಸಿದ್ದು 1912ರಲ್ಲಿ. ಭೂವಿಜ್ಞಾನಿಗಳು ಅದನ್ನು ಒಪ್ಪಿದ್ದು ಸಾಗರತಳದ ಪುರಾವೆಗಳು ಬಂದ ಮೇಲೆ, 1960ರ ದಶಕದಲ್ಲಿ. ವೆಗನರನ ಪರವಾಗಿ ಯಾರೂ ಶಾಲಾ ಮಂಡಳಿಯಲ್ಲಿ ಠರಾವು ಮಾಡಿಸಲಿಲ್ಲ. ಡೋವರಿನ ಮಂಡಳಿ 2004ರ ಅಕ್ಟೋಬರಿನಲ್ಲಿ 6–3 ಮತಗಳಿಂದ ಮಾಡಿದ ಠರಾವು ಈ ಸರತಿಯನ್ನು ಹಾರುವ ಪ್ರಯತ್ನ. ಬುದ್ಧಿಪೂರ್ವಕ ವಿನ್ಯಾಸದ ದೊಡ್ಡ ಪ್ರತಿಪಾದಕ ಸಂಸ್ಥೆಯಾದ, ಸಿಯಾಟಲ್‌ನ ಡಿಸ್ಕವರಿ ಇನ್ಸ್ಟಿಟ್ಯೂಟ್ ಕೂಡ ಆ ನೀತಿಯನ್ನು ಹಿಂದಕ್ಕೆ ಪಡೆಯುವಂತೆ ಮಂಡಳಿಗೆ ಸಲಹೆ ಮಾಡಿತ್ತು ಎಂಬುದು ಇಲ್ಲಿ ಗಮನಾರ್ಹ.

ಭಾಷೆಯ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನಲ್ಲಿ ‘ಥಿಯರಿ’ಗೆ ಬೀದಿಯಲ್ಲಿ ಬರೀ ಊಹೆ ಎಂಬ ಅರ್ಥವಿದೆ, ಡೋವರಿನ ಹೇಳಿಕೆ ಆ ಸಡಿಲವನ್ನೇ ಬಳಸಿಕೊಂಡಿತು. ಕನ್ನಡಕ್ಕೆ ತಂದರೆ ಆ ಉಪಾಯ ಕೈಕೊಡುತ್ತದೆ. ‘ಅದು ಸಿದ್ಧಾಂತ, ವಾಸ್ತವವಲ್ಲ’ ಎಂದು ನಾನು ಆರಂಭದಲ್ಲಿ ಹೇಳಿದಾಗ ತಮ್ಮಲ್ಲಿ ಕೆಲವರಿಗಾದರೂ ಅದು ಎಡವಟ್ಟಾಗಿ ಕೇಳಿಸಿರಬೇಕು. ಸಿದ್ಧವಾಗಿ ಕೊನೆ ಮುಟ್ಟಿದ್ದು ಸಿದ್ಧಾಂತ. ಆದರೆ ನಮಗೆ ನಮ್ಮದೇ ತೊಡಕೊಂದಿದೆ. ಗುರುತ್ವಕ್ಕೆ ನಾವು ಗುರುತ್ವವಾದ ಎನ್ನುವುದಿಲ್ಲ, ವಿಕಾಸಕ್ಕೆ ಮಾತ್ರ ವಿಕಾಸವಾದ ಎನ್ನುತ್ತೇವೆ. ವಾದ ಎಂದೊಡನೆ ಪ್ರತಿವಾದಿಗೊಂದು ಕುರ್ಚಿ ಹಾಕಿದಂತಾಯಿತು. ಆ ಕುರ್ಚಿಯಲ್ಲಿ ಬಂದು ಕೂರುವವರ ಬಗ್ಗೆಯೂ ನ್ಯಾಯಶಾಸ್ತ್ರದಲ್ಲಿ ಮಾತಿದೆ: ತನ್ನದೇ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಕೆಡವುವುದರಲ್ಲೇ ನಿಂತ ಚರ್ಚೆಗೆ ಅಲ್ಲಿ ವಿತಂಡವೆಂದು ಹೆಸರು. ಡಾರ್ವಿನ್‌ನಲ್ಲಿ ಬಿರುಕು ಕಂಡರೆ ಅಷ್ಟರಿಂದಲೇ ವಿನ್ಯಾಸ ಸಿದ್ಧವಾಯಿತೆಂಬ ತರ್ಕಕ್ಕೆ ಇದಕ್ಕಿಂತ ತಕ್ಕ ಪದವನ್ನು ನಾನು ಕಾಣೆ.

ಈಗ ಆ ಅಧ್ಯಾಪಕರ ಬಳಿಗೆ ಬರೋಣ. ಡೋವರಿನ ವಿಜ್ಞಾನ ಅಧ್ಯಾಪಕರು ಹೇಳಿಕೆಯನ್ನು ಓದಲಾರೆವೆಂದು ಬರೆದುಕೊಟ್ಟಾಗ ಸಂವಿಧಾನವನ್ನು ಮುಂದಿಡಲಿಲ್ಲ. ಬೋಧಿಸುವ ವಿಷಯವನ್ನು ತಿಳಿದೂ ತಿಳಿದೂ ತಪ್ಪಾಗಿ ನಿರೂಪಿಸಕೂಡದೆಂಬ, ತಮ್ಮ ರಾಜ್ಯದ ಅಧ್ಯಾಪಕರ ವೃತ್ತಿಸಂಹಿತೆಯ ನಿಯಮವನ್ನು ಮುಂದಿಟ್ಟರು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವೆಂದು ನಮ್ಮ ಬಾಯಿಂದ ಬಂದರೆ ಮಕ್ಕಳು ನಂಬುತ್ತಾರೆ, ಆಮೇಲೆ ನಾವು ಹೇಳುವ ಬೇರೆ ಯಾವುದಕ್ಕೂ ಬೆಲೆಯಿರುವುದಿಲ್ಲ ಎಂಬ ಭಾವ ಆ ಪತ್ರದ್ದು. 139 ಪುಟಗಳ ತೀರ್ಪಿಗಿಂತ ಈ ಒಂದು ಪತ್ರ ನನಗೆ ದೊಡ್ಡದಾಗಿ ಕಾಣುತ್ತದೆ. ಮಂಡಳಿ ಮುಂದೆ ಚುನಾವಣೆಯಲ್ಲಿ ಸೋತಿತು, ಸ್ಪರ್ಧೆಗಿದ್ದ ಎಂಟೂ ಸ್ಥಾನ ಹೋದವು. ಎದುರು ಪಕ್ಷದ ವಕೀಲರಿಗಾಗಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು. ಹೊಸ ಮಂಡಳಿ ಮೇಲ್ಮನವಿ ಹಾಕಲಿಲ್ಲ. ಇವೆಲ್ಲ ಡೋವರಿನ ಕಥೆ. ಉಳಿದ ಶಾಲೆಗಳ ಕಥೆ ಬೇರೆ. ಅಮೆರಿಕದ ಹೈಸ್ಕೂಲುಗಳ 926 ಜೀವಶಾಸ್ತ್ರ ಅಧ್ಯಾಪಕರನ್ನು 2007ರಲ್ಲಿ ಮಾತಾಡಿಸಿದ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ, ವಿಕಾಸವನ್ನು ಅಳುಕಿಲ್ಲದೆ ಕಲಿಸುತ್ತಿದ್ದವರು ಶೇ. 28ರಷ್ಟು, ಸೃಷ್ಟಿವಾದವನ್ನು ಬೆಂಬಲಿಸಿ ಕಲಿಸುತ್ತಿದ್ದವರು ಶೇ. 13. ಮಿಕ್ಕ ಸುಮಾರು ಶೇ. 60 ಮಂದಿ ಜಗಳ ಬೇಡವೆಂದು ಪಾಠವನ್ನು ತೆಳ್ಳಗೆ ಮಾಡಿ ದಾಟಿಸುತ್ತಿದ್ದರು. 2019ರಲ್ಲಿ ಮತ್ತೆ ಕೇಳಿದಾಗ, ವಿಜ್ಞಾನಿಗಳ ಒಮ್ಮತವನ್ನು ಒತ್ತಿ ಹೇಳಿ ಸೃಷ್ಟಿವಾದಕ್ಕೆ ಮಾನ್ಯತೆ ಕೊಡದವರ ಪ್ರಮಾಣ ಶೇ. 51ರಿಂದ 67ಕ್ಕೆ ಏರಿತ್ತು. ಈ ನಡುವೆ ಪಠ್ಯಮಟ್ಟಗಳು ಸುಧಾರಿಸಿದ್ದವು, ಅಧ್ಯಾಪಕರ ತರಬೇತಿಯಲ್ಲಿ ವಿಕಾಸದ ಓದು ಹೆಚ್ಚಿತ್ತು. ತನ್ನ ವಿಷಯವನ್ನು ಚೆನ್ನಾಗಿ ಬಲ್ಲ ಮೇಷ್ಟ್ರಿಗೆ ಅಳುಕು ಕಡಿಮೆ.

ನಮ್ಮ ದೇಶದಲ್ಲಿ ಇಂಥ ಮೊಕದ್ದಮೆ ನಡೆದಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ಅಂದಿನ ಮಾನವ ಸಂಪನ್ಮೂಲ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಪಠ್ಯ ಬದಲಾಗಬೇಕು ಎಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ಮೂರು ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಆಗ ವಾದಿಸಲು ಎದುರಿಗೆ ಒಂದು ಮಾತಾದರೂ ಇತ್ತು. 2023ರಲ್ಲಿ ಮಾತೂ ಇರಲಿಲ್ಲ. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸಲೆಂದು ಆರಂಭವಾದ ಕತ್ತರಿಯಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ‘ಅನುವಂಶೀಯತೆ’ ಎಂದಷ್ಟೇ ಉಳಿಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದ್ದೇ ಇದೆಯಲ್ಲ ಎಂಬ ಉತ್ತರ ಬಂತು. ನಿಜ, ಇದೆ, ಜೀವಶಾಸ್ತ್ರ ತೆಗೆದುಕೊಂಡವರಿಗೆ. ವಾಣಿಜ್ಯಕ್ಕೋ ಕಲಾ ವಿಭಾಗಕ್ಕೋ ಹೋದ ಮಗು ಮುಂದೆ ಎಲ್ಲೂ ಅದನ್ನು ಕಾಣುವುದಿಲ್ಲ.

ಡೋವರಿನಲ್ಲಿ ಸೇರಿಸಿದರು, ಇಲ್ಲಿ ತೆಗೆದರು. ಸೇರಿಸಿದ್ದನ್ನು ಓದುವುದಿಲ್ಲವೆಂದು ಅಧ್ಯಾಪಕ ಹೇಳಬಹುದು, ಹೇಳಿ ತರಗತಿಯಿಂದ ಆಚೆ ನಿಲ್ಲಬಹುದು. ತೆಗೆದ ಪುಟದ ಮುಂದೆ ಅವನು ಏನು ಮಾಡಬೇಕೆಂದು ಯಾವ ವೃತ್ತಿಸಂಹಿತೆಯಲ್ಲೂ ಬರೆದಿಲ್ಲ. ಹತ್ತನೆಯ ತರಗತಿಯ ಆ ಅಧ್ಯಾಯದಲ್ಲಿ ಮೆಂಡೆಲ್‌ನ ಬಟಾಣಿ ಗಿಡಗಳು ಇನ್ನೂ ಇವೆ. ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆಂದು ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುತ್ತಾರೆ. ಹಾಗಾದರೆ ಅವರ ತಂದೆತಾಯಿಗೆ ಎಲ್ಲಿಂದ ಬಂತು, ಅದಕ್ಕೂ ಹಿಂದೆ ಯಾರಿದ್ದರು ಎಂದು ಯಾವುದೋ ಒಂದು ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿರುತ್ತದೆ.